ಊದದ ಕೊಳಲು

“ಇದು ಶ್ರೀರಾಮಪ್ಪನೋರ ಕೊಳಲಲ್ಲ ನಾಯನಾ.”

ಅಕ್ಕಯಮ್ಮ ಅಷ್ಟು ಹೇಳಿ ಕನ್ನಡಕವನ್ನು ಹಣೆಗೇರಿಸಿದಳು. ಸರ್ಕಲ್ ಇನ್‌ಸ್ಪೆಕ್ಟರ್ ಕೋದಂಡರಾಮಪ್ಪ ಕಾಫಿ ಲೋಟವನ್ನು ಬಾಯಿಯ ತನಕ ಒಯ್ದವನು ಹಾಗೆಯೇ ಕೆಳಗಿಟ್ಟ.

“ಸರಿಯಾಗಿ ನೋಡಿ ಹೇಳಮ್ಮ. ಹೆಣದ ಹತ್ತಿರವೇ ಬಿದ್ದಿತ್ತು.”

“ಎಲ್ಲಿ ಬಿದ್ದಿದ್ರೆ ನಂಗೇನು? ಇದನ್ನ ಮಾಡಿದೋಳು ನಾನು. ಯಾರಿಗೆ ಮಾಡಿಕೊಟ್ಟೆ ಅಂತ ನಂಗೆ ಗೊತ್ತಾಗಲ್ವಾ?”

ಮುಳಬಾಗಿಲಿನ ಆ ಓಣಿಯಲ್ಲಿ ಅವಳದೇ ಕೊನೆಯ ಮನೆ. ಅಟ್ಟದ ತುಂಬ ಬಿದಿರು ಜೋಡಿಸಿತ್ತು. ಒಂದೆರಡು ವರ್ಷ ಒಲೆಯ ಹೊಗೆಗೆ ಒಣಗಿ ಜೇನಿನ ಬಣ್ಣಕ್ಕೆ ತಿರುಗಿದ ಮೇಲೆಯೇ ಅದನ್ನು ಅವಳು ಕೆಳಗಿಳಿಸುತ್ತಿದ್ದದ್ದು. ಗಂಡ ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಅಂದಿನಿಂದ ಕಾದ ಸಲಾಕೆ ಹಿಡಿದು ತೂತು ಕೊರೆಯುವ ಕೆಲಸವೂ ಅವಳದೇ. ಕೋಲಾರದ ಸುತ್ತಮುತ್ತ ಕೊಳಲು ನುಡಿಸುವವರೆಲ್ಲ ಒಮ್ಮೆಯಾದರೂ ಈ ಹೊಸ್ತಿಲು ತುಳಿದವರು.

ಹದಿನಾರು ದಿನಗಳ ಹಿಂದೆ, ಒಂದು ಗುರುವಾರದ ಬೆಳಿಗ್ಗೆ, ಮಾಲೂರಿನ ಪಕ್ಕದ ದೊಡ್ಡಮರದಹಳ್ಳಿಯ ಕಲ್ಯಾಣಿಯಲ್ಲಿ ವಿದ್ವಾನ್ ಶ್ರೀರಾಮಪ್ಪನವರು ಸೊಂಟಮಟ್ಟದ ನೀರಿನಲ್ಲಿ ಬೋರಲಾಗಿ ಬಿದ್ದು ಸತ್ತಿದ್ದರು. ಹಿಂದಲೆಯಲ್ಲಿ ಪೆಟ್ಟಿತ್ತು. ಮೆಟ್ಟಿಲ ಮೇಲೆ ಈ ಕೊಳಲಿತ್ತು. ಪಾಚಿಗೆ ಕಾಲು ಜಾರಿರಬೇಕು ಎಂದು ಊರು ಹೇಳಿತು. ಕೋದಂಡರಾಮಪ್ಪ ಮಾತ್ರ ಒಪ್ಪಿರಲಿಲ್ಲ. ನಲವತ್ತು ವರ್ಷ ದಿನವೂ ಇಳಿದು ಹತ್ತಿದ ಮೆಟ್ಟಿಲು ಒಬ್ಬ ಮನುಷ್ಯನಿಗೆ ಹೀಗೆ ದ್ರೋಹ ಮಾಡೀತೇ ಎಂಬ ಅನುಮಾನ ಅವನನ್ನು ಬಿಡಲಿಲ್ಲ.

“ಹೇಗೆ ಹೇಳ್ತೀರಿ, ಅವರದಲ್ಲ ಅಂತ?”

“ಇಟ್ಲಾ ಚೂಡು, ಹಿಂಗೆ ನೋಡು.” ಅಕ್ಕಯಮ್ಮ ಕೊಳಲನ್ನು ಅವನ ತೊಡೆಯ ಮೇಲೆ ಅಡ್ಡಲಾಗಿ ಇಟ್ಟಳು. “ಮುಚ್ಚಿರೋ ತುದಿ ನಿನ್ನ ಎಡಕ್ಕೆ ಬರಲಿ. ತೂತೆಲ್ಲ ಮೇಲಕ್ಕೆ. ಈಗ ಊದೋ ತೂತಿನ ಸುತ್ತ ಬೆರಳಾಡಿಸು. ಎಲ್ಲಿ ನುಣುಪಾಗೈತೆ?”

ಕೋದಂಡರಾಮಪ್ಪ ಬೆರಳಾಡಿಸಿದ. “ಆಚೆಯ ಅಂಚಿನಲ್ಲಿ.”

“ನಿನ್ನ ಹೊಟ್ಟೆ ಕಡೆ ಅಂಚಲ್ಲಿ?”

“ಇಲ್ಲ. ಅಲ್ಲಿ ಒರಟಾಗಿದೆ.”

“ಅದೇ ಮತ್ತೆ! ಶ್ರೀರಾಮಪ್ಪನೋರು ಎಲ್ಲರ ಹಂಗೆ ಬಲಕ್ಕೆ ಹಿಡಿಯೋರು. ಬಲಕ್ಕೆ ಹಿಡಿದ್ರೆ ಕೆಳತುಟಿ ಈಚೆ ಅಂಚಿನ ಮೇಲೆ ಕೂರ್ತೈತೆ. ವರ್ಷಗಟ್ಟಲೆ ತುಟಿ, ಬೆವರು, ಉಸಿರು ತಾಗಿ ತಾಗಿ ಅಲ್ಲಿ ಬಿದಿರು ಕರ್ರಗೆ ನುಣ್ಣಗೆ ಆಗ್ತೈತೆ. ಇದ್ರಲ್ಲಿ ಸವೆದಿರೋದು ಆಚೆ ಅಂಚು. ಇದನ್ನ ಊದಿದೋನು ಎಡಕ್ಕೆ ಹಿಡಿಯೋನು.”

ಕೋದಂಡರಾಮಪ್ಪ ಆ ಅಂಚಿನ ಮೇಲೆ ಮತ್ತೊಮ್ಮೆ ಬೆರಳಾಡಿಸಿದ. ಹದಿನಾರು ದಿನ ಈ ಕೊಳಲು ಅವನ ಬೀರುವಿನಲ್ಲೇ ಇತ್ತು.

ಅಕ್ಕಯಮ್ಮ ಅಷ್ಟಕ್ಕೆ ಬಿಡಲಿಲ್ಲ. ಕೊಳಲನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿ, ತೆರೆದ ತುದಿಯನ್ನು ಬಿಸಿಲಿಗೆ ಹಿಡಿದು ಒಳಗೆ ಇಣುಕಿದಳು. ಅವಳ ಮುಖ ಬದಲಾಯಿತು.

“ನಾಯನಾ, ಅವತ್ತು ಬೆಳಿಗ್ಗೆ ಊರೋರೆಲ್ಲ ಕೊಳಲು ಕೇಳಿದ್ರು ಅಂದ್ಯಲ್ಲ?”

“ಹೌದು. ಆರೂವರೆಯಿಂದ ಮುಕ್ಕಾಲು ಗಂಟೆ ಹೊತ್ತು. ಏಳೂವರೆಗೆ ನೀರಿಗೆ ಬಂದ ಹೆಂಗಸರು ಹೆಣ ನೋಡಿದ್ದು.”

“ಈ ಕೊಳಲು ಅವತ್ತು ಊದಿದ್ದಲ್ಲ. ಒಳಗೆ ಜೇಡರ ಬಲೆ ಐತೆ.”

ಕೋದಂಡರಾಮಪ್ಪ ಎದ್ದು ಹೋಗಿ ಇಣುಕಿದ. ಮಧ್ಯದ ತೂತುಗಳ ಕೆಳಗೆ ಬೂದುಬಣ್ಣದ ಒಂದು ತೆಳು ಪರದೆ. ಅದರಲ್ಲಿ ಒಣಗಿದ ಒಂದು ಸೊಳ್ಳೆ. ಜೇಡ ಮಾತ್ರ ಇರಲಿಲ್ಲ.

“ಠಾಣೆಯಲ್ಲಿ ಕಟ್ಟಿರಬಹುದಲ್ಲ?”

“ನೀನು ಹೆಂಗೆ ಇಟ್ಟಿದ್ದೆ?”

“ಅವತ್ತೇ ಪೂರ್ತಿ ಕಾಗದ ಸುತ್ತಿ ಅರಗಿನ ಮುದ್ರೆ ಒತ್ತಿದ್ದೆ. ಈಗ ನಿಮ್ಮೆದುರಿಗೇ ಒಡೆದದ್ದು.”

“ಹಂಗಾದ್ರೆ ಜೇಡ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು? ನೀನು ಮುದ್ರೆ ಒತ್ತೋಕೆ ಮುಂಚೇನೇ ಬಲೆ ಕಟ್ಟಿ ಹೊರಟುಹೋಗೈತೆ.” ಅಕ್ಕಯಮ್ಮ ಸೆರಗಿನಿಂದ ಕೊಳಲಿನ ಮೈ ಒರೆಸಿದಳು. “ತಗಡಿನ ಪೀಪೀನ ಹೆಂಗೆ ಬೇಕಾದ್ರೂ ಇಡಬಹುದು. ನೀರಲ್ಲಿ ತೊಳೆದು ಗೂಟಕ್ಕೆ ನೇತುಹಾಕಿದ್ರೂ ಮತ್ತೆ ಕೂಗ್ತೈತೆ. ಬಿದಿರು ಹಂಗಲ್ಲ. ಊದೋಕೆ ಮುಂಚೆ ಒಳಗೆ ಬಟ್ಟೆ ಆಡಿಸ್ಬೇಕು, ಊದಿದ ಮೇಲೂ ಆಡಿಸಿ ಹಸಿ ತೆಗೀಬೇಕು. ಹದಿನೈದು ದಿನಕ್ಕೊಂದು ಸಲ ಕೋಳಿಗರಿಯಲ್ಲಿ ಎಳ್ಳೆಣ್ಣೆ. ಶ್ರೀರಾಮಪ್ಪನೋರಿಗೆ ಇದೆಲ್ಲ ಸಂಧ್ಯಾವಂದನೆ ಇದ್ದಂಗೆ. ಜೇಡ ಕಟ್ಟಿದ ಕೊಳಲನ್ನ ಅವರು ಕೈಯಲ್ಲಿ ಮುಟ್ತಾರಾ?”

“ಹಾಗಾದರೆ ಊರು ಕೇಳಿದ್ದು...”

“ಬೇರೆ ಕೊಳಲು. ಅವರದೇ ಇರಬೇಕು. ಅದೆಲ್ಲಿ?”

ಕೋದಂಡರಾಮಪ್ಪ ತಲೆಯಾಡಿಸಿದ. ಬೇರೆ ಕೊಳಲು ಸಿಕ್ಕಿರಲಿಲ್ಲ. ಹುಡುಕಬೇಕೆಂದು ಯಾರಿಗೂ ಹೊಳೆದೂ ಇರಲಿಲ್ಲ.

“ಮೂರು ಕಡೆ ಕರಿ ರೇಷ್ಮೆ ದಾರ ಸುತ್ತಿ, ಮೇಣ ತಿಕ್ಕಿ ಕೊಟ್ಟಿದ್ದೆ. ಅದು ಯಾರ ಕೈಯಲ್ಲೈತೋ ಅವರೇ ನಿನಗೆ ಬೇಕಾದೋರು. ಬೇಗ ಹುಡುಕು. ಈ ಬಿಸಿಲಲ್ಲಿ ಎಣ್ಣೆ ಕಾಣದೆ ಇದ್ರೆ ಸೀಳಿಬಿಡ್ತೈತೆ.”

“ಅದಿರಲಿ. ಎಡಕ್ಕೆ ಹಿಡಿಯೋರು ಯಾರು?”

ಅಕ್ಕಯಮ್ಮ ಒಲೆಯ ಮುಂದೆ ಬಿದ್ದಿದ್ದ ಸಲಾಕೆಯನ್ನು ಗೋಡೆಗೆ ಒರಗಿಸಿಟ್ಟು ಬಂದಳು.

“ನಂಗೆ ಗೊತ್ತಿರೋ ಹಂಗೆ ಒಬ್ಬನೇ. ಶ್ರೀರಾಮಪ್ಪನೋರೇ ಕರ್ಕೊಂಡು ಬಂದಿದ್ರು. ಹನ್ನೆರಡು ವರ್ಷ ಆಯ್ತು. ಇಲ್ಲೇ ಕೂರಿಸಿ ಹತ್ತು ಕೊಳಲು ಊದಿಸಿದ್ರು. ಅವರು ಕಣ್ಣು ಮುಚ್ಕೊಂಡು ಕೇಳ್ತಿದ್ರು. ಬಣ್ಣ ನೋಡ್ಲಿಲ್ಲ, ಉದ್ದ ನೋಡ್ಲಿಲ್ಲ. ಒಂಬತ್ತಕ್ಕೂ ಬೇಡ ಅಂದ್ರು. ಹತ್ತನೇದಕ್ಕೆ, ‘ಇದು ಸಣ್ಣ ಉಸಿರಿಗೂ ಮಾತಾಡ್ತದೆ, ಇದನ್ನೇ ತಗೋ’ ಅಂದ್ರು. ಎಡಕ್ಕೆ ಹಿಡೀತಾನಲ್ಲ ಸ್ವಾಮಿ, ತಿದ್ದಬಾರದಾ ಅಂತ ಕೇಳ್ದೆ. ‘ಗಾಳಿಗೆ ಎಡ ಬಲ ಗೊತ್ತಿಲ್ಲ ಅಕ್ಕಯಮ್ಮ’ ಅಂತ ನಕ್ಕುಬಿಟ್ರು.”

“ಹೆಸರು?”

“ಕದಿರೇಶ. ಮಾಲೂರಲ್ಲಿ ಹೆಂಚಿನ ಕಾರ್ಖಾನೆ ಸೇರಿದ ಅಂತ ಕೇಳಿದ್ದೆ.” ಅವಳು ಕೊಳಲನ್ನು ಹಿಂದಕ್ಕೆ ಕೊಟ್ಟಳು. “ಆ ಮಗು ಕೈಯಲ್ಲಿ ಇಂಥ ಕೆಲಸ ಆಗಲ್ಲ ನಾಯನಾ. ಆಗಬಾರದು.”

ಜೀಪು ಕೋಲಾರ ದಾಟಿ ಮಾಲೂರಿನ ದಾರಿ ಹಿಡಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು. ಯುಗಾದಿ ಕಳೆದು ಮೂರೇ ದಿನ. ರಸ್ತೆಯ ಎರಡೂ ಕಡೆ ನೀಲಗಿರಿ ತೋಪುಗಳು ಗಾಳಿಯಿಲ್ಲದೆ ನಿಂತಿದ್ದವು.

ಕೋದಂಡರಾಮಪ್ಪ ಒಂದೊಂದೇ ಹೇಳಿಕೆಯನ್ನು ನೆನಪಿಗೆ ತಂದುಕೊಂಡ. ಎಲ್ಲವೂ ಒಂದೇ ಗಂಟೆಯ ಮೇಲೆ ನಿಂತಿದ್ದವು. ಎರಡು ಮೂರು ದಿನ ಕೊಳಲು ಕೇಳಿರಲಿಲ್ಲ, ವಿದ್ವಾಂಸರಿಗೆ ಮೈ ಸರಿಯಿಲ್ಲವೇನೋ ಅಂದುಕೊಂಡಿದ್ದೆವು, ಗುರುವಾರ ಮತ್ತೆ ಕೇಳಿಸಿತು ಎಂದು ಊರಿನವರು ಹೇಳಿದ್ದರು. ಹೆಂಡತಿ ವೆಂಕಟರತ್ನಮ್ಮನೂ ಅದನ್ನೇ ಹೇಳಿದ್ದರು. “ಬಾಗಿಲಿಗೆ ನೀರು ಹಾಕ್ತಾ ಇದ್ದೆ. ಅವರು ನುಡಿಸ್ತಾ ಇದ್ರು. ಎಂದಿನ ಹಂಗೇ ಇತ್ತು.” ಆಕೆ ಅತ್ತಿರಲಿಲ್ಲ. ದುಃಖಕ್ಕೆ ಮರಗಟ್ಟಿದ್ದಾರೆ ಎಂದು ಅವನು ಬರೆದುಕೊಂಡಿದ್ದ.

ಹೆಂಚಿನ ಕಾರ್ಖಾನೆಯ ಅಂಗಳದಲ್ಲಿ ಹಸಿ ಹೆಂಚುಗಳ ಸಾಲು ಒಣಗುತ್ತಿತ್ತು. ಗೂಡಿನ ಝಳ ಗೇಟಿನ ತನಕ ಬಡಿಯುತ್ತಿತ್ತು. ಕದಿರೇಶ ಅಲ್ಲಿ ಗೂಡಿನ ಮೇಸ್ತ್ರಿ. ಮೂವತ್ತೆರಡರ ಪ್ರಾಯ, ಬಡಕಲು ಮೈ, ಮುಖದ ಮೇಲೆ ಕೆಮ್ಮಣ್ಣಿನ ಧೂಳು. ಪೊಲೀಸರನ್ನು ಕಂಡು ಎದ್ದು ನಿಂತವನು ಎಡಗೈಯನ್ನು ಬೆನ್ನ ಹಿಂದೆ ಸರಿಸಿದ.

ಇನ್‌ಸ್ಪೆಕ್ಟರ್ ಅವನನ್ನು ಹೆಂಚು ಪೇರಿಸುವ ಷೆಡ್ಡಿಗೆ ಕರೆದೊಯ್ದು ಬಾಗಿಲೆಳೆದ.

“ಗುರುಗಳ ಹತ್ತಿರ ಎಷ್ಟು ವರ್ಷ ಕಲಿತೆ?”

“ಹದಿನಾಲ್ಕು ವರ್ಷ ಸಾರ್.”

“ಕೊನೆಗೆ ನೋಡಿದ್ದು ಯಾವಾಗ?”

“ಅವರು ತೀರ್ಕೊಂಡ ವಾರದಲ್ಲಿ... ಭಾನುವಾರ ಅನ್ಸುತ್ತೆ ಸಾರ್.”

“ಕೊಳಲು ಯಾವ ಕಡೆಗೆ ಹಿಡೀತೀಯ?”

ಕದಿರೇಶ ತಡವರಿಸಿದ. “ಎಲ್ಲರ ಹಂಗೇ ಸಾರ್. ಬಲಕ್ಕೆ.”

ಸುಳ್ಳು! ಕೋದಂಡರಾಮಪ್ಪ ಏನೂ ಹೇಳದೆ ಕಾಗದದ ಸುರುಳಿಯನ್ನು ಬಿಚ್ಚಿ ಕೊಳಲನ್ನು ಹೆಂಚುಗಳ ಮೇಲೆ ಇಟ್ಟ.

ಕದಿರೇಶನ ಮುಖದ ಬಣ್ಣ ಇಳಿಯಿತು. ಅವನು ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದ. ಬಾಯಿಂದ ಮಾತು ತಾನಾಗಿ ಹೊರಬಿತ್ತು.

“ಇದನ್ನ ಅಲ್ಲಿಂದ ಯಾರು ತೆಗೆದ್ರು ಸಾರ್?”

“ಎಲ್ಲಿಂದ?”

ಕದಿರೇಶ ಹಿಂದಕ್ಕೆ ಸರಿದ. ಹೊರಗೆ ಗೂಡಿಗೆ ಸೌದೆ ಎಸೆಯುವ ಸಪ್ಪಳ ಕೇಳುತ್ತಿತ್ತು.

“ಎಲ್ಲಿಂದ ಅಂತ ಕೇಳಿದೆ ಕದಿರೇಶ.”

“ನಂಗೆ... ನಂಗೇನೂ ಗೊತ್ತಿಲ್ಲ.”

“ನಿನ್ನ ಕೊಳಲು ನಿನ್ನ ಗುರುವಿನ ಹೆಣದ ಹತ್ತಿರ ಸಿಕ್ಕಿದೆ. ಅದನ್ನ ಕೊರೆದು ಕೊಟ್ಟವಳು ಬೆಳಿಗ್ಗೆ ಗುರುತು ಹಿಡಿದಳು. ಎಡಕ್ಕೆ ಹಿಡಿಯೋನು ಬಲಕ್ಕೆ ಅಂತ ನನಗೆ ಈಗ ಸುಳ್ಳು ಹೇಳಿದೆ. ನೇಣಿಗೆ ಹಗ್ಗ ನೀನೇ ಹೊಸೀತಾ ಇದ್ದೀಯ. ಗೊತ್ತಾ?”

ಕದಿರೇಶ ಕುಸಿದು ಕುಳಿತ. “ನಾನು ಕೊಂದಿಲ್ಲ ಸಾರ್! ನನ್ನ ತಂದೆ ಹಂಗಿದ್ರು ಅವರು.”

“ಹಾಗಾದರೆ ಬಾಯಿ ಬಿಡು.”

“ಆಣೆ ಮಾಡಿದ್ದೀನಿ ಸಾರ್. ಅವರ ಕಾಲು ಮುಟ್ಟಿ.”

“ಆಣೆ ತಗೊಂಡವರು ಹೋದರು. ಅವರನ್ನ ಕೊಂದವರು ಇನ್ನೂ ಇದ್ದಾರೆ. ಯಾರನ್ನ ಕಾಯ್ತಾ ಇದ್ದೀಯ ನೀನು?”

ಆ ಮಾತು ನಾಟಿತು. ಕದಿರೇಶ ಬಲಗೈಯಿಂದ ಕಣ್ಣೊರೆಸಿಕೊಂಡ. ಮಾತು ಶುರುಮಾಡಿದ.

“ದೀಪಾವಳಿ ಟೈಮಲ್ಲಿ ಗುರುಗಳು ಒಂದು ದವಡೆ ಹಲ್ಲು ಕೀಳಿಸಿದ್ರು ಸಾರ್. ಅದಾದ ಮೇಲೆ ಕೆಳತುಟಿಗೆ ಸ್ಪರ್ಶಾನೇ ಬರ್ಲಿಲ್ಲ. ನೋಡೋಕೆ ಏನೂ ಗೊತ್ತಾಗಲ್ಲ. ಮಾತಾಡ್ತಿದ್ರು, ಉಣ್ತಿದ್ರು. ಆದ್ರೆ ಕೊಳಲು ತುಟಿಗೆ ಕೂರ್ತಿರ್ಲಿಲ್ಲ. ಊದಿದ್ರೆ ಬರೀ ಗಾಳಿ. ಒಂದು ತಿಂಗಳು ಕಾದ್ರು, ಎರಡು ತಿಂಗಳು ಕಾದ್ರು. ಒಂದಿನ ನನ್ನೆದುರಿಗೆ ‘ಸ’ ಹಿಡಿಯೋಕೆ ಹೋದ್ರು. ಬರ್ಲಿಲ್ಲ. ಚಿಕ್ಕ ಮಕ್ಕಳ ಹಂಗೆ ಅತ್ತುಬಿಟ್ರು ಸಾರ್.”

ಕೋದಂಡರಾಮಪ್ಪನ ಪೆನ್ಸಿಲು ನಿಂತಿತು. “ಆದರೆ ಊರೆಲ್ಲ ಪ್ರತಿದಿನ ಕೇಳ್ತಿತ್ತಲ್ಲ?”

“ಅದು ನಾನು.”

“ಏನಂದೆ?”

“ನಾನೇ ಸಾರ್. ನಲವತ್ತು ವರ್ಷದಿಂದ ಆ ಊರು ಅವರ ಕೊಳಲಿಗೆ ಏಳ್ತಿತ್ತು. ಶ್ರೀರಾಮಪ್ಪ ಮುಗಿದುಹೋದ ಅಂತ ಜನ ಅನ್ನೋದನ್ನ ನಾನು ಕೇಳಲಾರೆ ಕಣೋ ಅಂದ್ರು. ನಾನು ಬೆಳಿಗ್ಗೆ ಸೈಕಲ್ ತುಳ್ಕೊಂಡು ತೋಪಿನ ಹಿಂದಿನ ದಾರೀಲಿ ಹೋಗ್ತಿದ್ದೆ. ಕಲ್ಯಾಣಿ ಮೇಲ್ಗಡೆ ಒಂದು ಹಳೇ ಪಂಪ್ ಮನೆ ಐತೆ. ಅದರ ಗೋಡೆ ಮರೆಗೆ ಕೂತು ನುಡಿಸ್ತಿದ್ದೆ. ಗುರುಗಳು ಮೆಟ್ಟಿಲ ಮೇಲೆ ತಮ್ಮ ಕೊಳಲು ತುಟಿಗಿಟ್ಕೊಂಡು ಕೂತಿರೋರು. ದೂರದಿಂದ ನೋಡಿದೋರಿಗೆ ಏನು ಗೊತ್ತಾಗುತ್ತೆ? ಮುಗಿದ ಮೇಲೆ ನಾನು ಹಿಂಗೇ ಡ್ಯೂಟಿಗೆ ಬಂದುಬಿಡ್ತಿದ್ದೆ. ಈ ಕೊಳಲನ್ನ ಒಳಗೆ ಬಟ್ಟೆ ಆಡಿಸಿ ಪಂಪ್ ಮನೆ ಸೂರಲ್ಲೇ ಸಿಕ್ಕಿಸ್ತಿದ್ದೆ.”

ಕೋದಂಡರಾಮಪ್ಪ ಅವನ ಮೇಲೆ ಬಗ್ಗಿದ. ದನಿ ತಗ್ಗಿತು.

“ಹಾಗಾದರೆ ಆ ಗುರುವಾರವೂ ನೀನು ಅಲ್ಲಿದ್ದೆ. ನುಡಿಸಿದೆ. ಏನು ನಡೀತು ಕೆಳಗೆ? ಜಗಳವಾಯ್ತಾ? ಇಷ್ಟು ದಿನ ನಿನ್ನ ಉಸಿರು, ಅವರ ಹೆಸರು. ಸಿಟ್ಟು ಬಂತಾ?”

“ಇಲ್ಲ ಸಾರ್. ಗುರುವಾರ ನಾನು ಹೋಗೇ ಇಲ್ಲ.”

“ಮತ್ತೆ ಸುಳ್ಳು!”

ಕದಿರೇಶ ಬೆನ್ನ ಹಿಂದಿನಿಂದ ಎಡಗೈಯನ್ನು ಮುಂದೆ ತಂದ. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಬ್ಯಾಂಡೇಜು. ಅವನೇ ಹಲ್ಲಿನಲ್ಲಿ ಗಂಟು ಬಿಚ್ಚಿ, ಬಟ್ಟೆಯನ್ನು ಸುತ್ತು ಸುತ್ತಾಗಿ ತೆಗೆದ. ಒಳಗೆ ನಾಲ್ಕು ಬೆರಳುಗಳ ಚರ್ಮ ಸುಲಿದು ಕೆಂಪು ಮಾಂಸ ಕಾಣುತ್ತಿತ್ತು. ಇಪ್ಪತ್ತು ದಿನದ ಗಾಯ ಇನ್ನೂ ಹಸಿಯಾಗಿತ್ತು.

“ಸೋಮವಾರ ಗೂಡಿನ ಬಾಗಿಲು ಜಾರಿ ಕೈ ಮೇಲೆ ಬಿತ್ತು ಸಾರ್. ಅವತ್ತಿಂದ ಶುಕ್ರವಾರದ ತನಕ ಇಲ್ಲೇ ಮಾಲೂರಲ್ಲಿ ಆಸ್ಪತ್ರೇಲಿ ಮಲಗಿದ್ದೆ.”

ಜೇಬಿನಿಂದ ಅವನು ತೆಗೆದ ಚೀಟಿ ಮಡಿಕೆ ಮಡಿಕೆಯಾಗಿ ಹರಿದಿತ್ತು. 12-3-79ಕ್ಕೆ ಸೇರಿದ್ದು, 16-3-79ಕ್ಕೆ ಬಿಟ್ಟದ್ದು. ಡಾಕ್ಟರ ಸಹಿ, ಮುದ್ರೆ. ಶ್ರೀರಾಮಪ್ಪನವರು ಸತ್ತದ್ದು ಹದಿನೈದನೇ ತಾರೀಖು.

ಕೋದಂಡರಾಮಪ್ಪ ಚೀಟಿಯನ್ನು ಎರಡು ಸಲ ಓದಿದ. ಹಂತಕ ಕೈಗೆ ಸಿಕ್ಕ ಎಂದುಕೊಂಡೇ ಬಂದಿದ್ದವನಿಗೆ ಈಗ ಕಾಲ ಕೆಳಗಿನ ನೆಲವೇ ಸರಿದಂತಾಯಿತು. ಮಂಗಳವಾರ, ಬುಧವಾರ ಊರಿಗೆ ಕೊಳಲು ಕೇಳಿಸಿರಲಿಲ್ಲ. ಸರಿ. ನುಡಿಸುವವನು ಆಸ್ಪತ್ರೆಯಲ್ಲಿದ್ದ. ಗುರುವಾರ ಕೇಳಿಸಿತು. ಗುರುವಿಗೆ ಶಕ್ತಿಯಿಲ್ಲ, ಶಿಷ್ಯನಿಗೆ ಕೈಯಿಲ್ಲ. ಮೂರನೆಯವರೊಬ್ಬರು ಶ್ರೀರಾಮಪ್ಪನವರ ಕೊಳಲು ತೆಗೆದುಕೊಂಡು, ಅದರ ಜಾಗದಲ್ಲಿ ಸೂರಿನ ಕೊಳಲನ್ನಿಟ್ಟು, ಅವರು ಇನ್ನೂ ಬದುಕಿದ್ದಾರೆ ಎಂದು ಇಡೀ ಊರಿಗೆ ನುಡಿಸಿ ತೋರಿಸಿದ್ದರು. ಆಗ ವಿದ್ವಾಂಸರ ಹೆಣ ಎಷ್ಟು ಗಂಟೆಗಳಿಂದ ನೀರಿನಲ್ಲಿತ್ತೋ!

“ಕದಿರೇಶ, ಯೋಚನೆ ಮಾಡಿ ಹೇಳು. ಗುರುಗಳಿಗೆ ಊದೋಕಾಗಲ್ಲ ಅನ್ನೋದು ಯಾರಿಗೆಲ್ಲ ಗೊತ್ತಿತ್ತು?”

“ಗುರುಗಳಿಗೆ. ನಂಗೆ.” ಅವನು ಬಟ್ಟೆಯನ್ನು ಮತ್ತೆ ಕೈಗೆ ಸುತ್ತಿಕೊಳ್ಳತೊಡಗಿದ. “ಅಮ್ಮನಿಗೆ.”

“ವೆಂಕಟರತ್ನಮ್ಮನಿಗಾ?”

“ಹೂಂ. ಬಿಸಿನೀರಿನ ಶಾಖ ಕೊಡ್ತಿದ್ದೋರೇ ಅವರು. ನಂಗೆ ಕೈ ಸುಟ್ಟ ಸುದ್ದೀನೂ ಅಮ್ಮನಿಗೇ ಹೇಳಿ ಕಳಿಸಿದ್ದೆ. ಇನ್ನೊಂದು ವಾರ ಬರೋಕಾಗಲ್ಲ ಅಂತ.”

“ಗುರುಗಳು ತೀರಿಕೊಂಡ ಮೇಲೆ ಅವರ ಮನೆಗೆ ಹೋಗಿದ್ದೆಯಾ? ಅಮ್ಮ ಏನಂದರು?”

“ಮೂರನೇ ದಿನ ಹೋಗಿದ್ದೆ. ನಂಗೆ ದಿಕ್ಕೇ ತೋಚಿರ್ಲಿಲ್ಲ ಸಾರ್. ಅಮ್ಮ, ಅವತ್ತು ನುಡಿಸಿದ್ದು ಯಾರು ಅಂತ ಕೇಳ್ದೆ. ಅವರು ನನ್ನ ಮುಖಾನೇ ನೋಡ್ಲಿಲ್ಲ. ‘ಅವರೇ ಕಣಪ್ಪ. ಇನ್ಯಾರು ನುಡಿಸ್ತಾರೆ’ ಅಂದ್ರು. ಹಂಗಂದು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ನಂಗೆ ಭಯ ಆಯ್ತು. ಆಣೆ ಬೇರೆ. ಅದಕ್ಕೇ ಬಾಯಿ ಮುಚ್ಕೊಂಡೆ.”

ಕೋದಂಡರಾಮಪ್ಪ ಟೋಪಿಯನ್ನು ಕೈಗೆತ್ತಿಕೊಂಡ. ಬಾಗಿಲಿಗೆ ನೀರು ಹಾಕುತ್ತಾ, ಗಂಡನಿಗೆ ನುಡಿಸಲಾಗದೆಂದು ಬಲ್ಲ ಹೆಂಗಸು ಆ ಕೊಳಲನ್ನು ಕೇಳಿಸಿಕೊಂಡಳು. ಕೈಯಲ್ಲಿದ್ದ ಚೊಂಬು ಬಿಸಾಕಿ ಓಡಬೇಕಿತ್ತು. ಓಡಲಿಲ್ಲ. ಪೊಲೀಸರು ಕೇಳಿದಾಗ, ಎಂದಿನ ಹಾಗೇ ಇತ್ತು ಎಂದಳು. ಗಂಡನ ಮಾನ ಕಾಯಲೆಂದು ಹಾಗೆ ಹೇಳಿದಳೋ, ಅಥವಾ ನುಡಿಸಿದವರನ್ನು ಕಾಯಲೆಂದೋ?

“ಗುರುಗಳ ಹತ್ತಿರ ಇನ್ಯಾರಾದರೂ ಕಲಿತಿದ್ದರಾ? ನಿನಗಿಂತ ಮುಂಚೆ?”

ಕದಿರೇಶ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಸೈಕಲ್ ಬಿದ್ದ ಸದ್ದಾಯಿತು. ಷೆಡ್ಡಿನ ಬಾಗಿಲನ್ನು ಯಾರೋ ಬಡಬಡನೆ ಬಡಿದರು.

ಮಾಲೂರು ಠಾಣೆಯ ದಫೇದಾರ್ ಗಂಗುಲಪ್ಪ. ಇಪ್ಪತ್ತೆಂಟು ವರ್ಷ ಸರ್ವೀಸಿನ ಮನುಷ್ಯ. ಎಂಥ ಹೆಣ ಕಂಡರೂ ವಿಚಲಿತನಾಗದವನು. ಅವನ ಖಾಕಿ ಅಂಗಿ ಬೆವರಿಗೆ ಮೈಗಂಟಿತ್ತು. ಸಲ್ಯೂಟ್ ಹೊಡೆಯುವುದನ್ನೂ ಮರೆತಿದ್ದ.

“ಸಾರ್, ಬೆಳಿಗ್ಗೆಯಿಂದ ಕೋಲಾರಕ್ಕೆ, ಮುಳಬಾಗಿಲಿಗೆ ಫೋನ್ ಮಾಡ್ತಾನೇ ಇದ್ದೀನಿ. ನೀವು ಎಲ್ಲೂ ಸಿಗ್ಲಿಲ್ಲ.”

“ಏನಾಯ್ತು?”

“ದೊಡ್ಡಮರದಹಳ್ಳೀಲಿ... ಇವತ್ತು ಬೆಳಿಗ್ಗೆ ಆರೂವರೆಗೆ ಕಲ್ಯಾಣಿ ಕಡೆಯಿಂದ ಮತ್ತೆ ಕೊಳಲು ಕೇಳಿಸ್ತಂತೆ ಸಾರ್.”

ಕದಿರೇಶ ಗೋಡೆ ಹಿಡಿದು ಎದ್ದು ನಿಂತ.

“ಯಾರು ಕೇಳಿದ್ದು?” ಇನ್‌ಸ್ಪೆಕ್ಟರನ ದನಿ ಗಟ್ಟಿಯಾಯಿತು.

“ಇಡೀ ಊರು ಸಾರ್. ಜನ ಬಾಗಿಲು ಹಾಕ್ಕೊಂಡು ಒಳಗೇ ಕೂತಿದ್ರಂತೆ. ನಾಲ್ಕು ಜನ ಧೈರ್ಯ ಮಾಡಿ ಬಡಿಗೆ ತಗೊಂಡು ಹೋಗೋ ಹೊತ್ತಿಗೆ ನಿಂತುಹೋಗಿತ್ತಂತೆ. ಅಲ್ಲಿ ಯಾರೂ ಇರ್ಲಿಲ್ಲ. ನಾನೂ ಹೋಗಿ ತೋಪೆಲ್ಲ ಜಾಲಾಡ್ಸಿ ಬಂದೆ.”

“ವೆಂಕಟರತ್ನಮ್ಮ? ಅವರನ್ನ ಕೇಳಿದೆಯಾ?”

ಗಂಗುಲಪ್ಪ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ.

“ಅವರು ಮನೇಲಿಲ್ಲ ಸಾರ್. ಎದುರು ಮನೆಯೋರು ಕಿಟಕಿ ಸಂದೀಲಿ ನೋಡಿದ್ರಂತೆ. ಕೊಳಲು ಶುರುವಾದ ಕೂಡ್ಲೇ ಆಯಮ್ಮ ಹೊರಗೆ ಬಂದು ಸ್ವಲ್ಪ ಹೊತ್ತು ನಿಂತು ಕೇಳಿದ್ರು. ಆಮೇಲೆ ಒಳಗೆ ಹೋದ್ರು. ತಿರುಗಾ ಬಂದೋರು ಅತ್ತ ಇತ್ತ ನೋಡ್ದೆ ತೋಪಿನ ದಾರಿ ಹಿಡಿದ್ರಂತೆ. ಇನ್ನೂ ವಾಪಸ್ ಬಂದಿಲ್ಲ.”

“ಒಳಗೆ ಹೋಗಿ ಏನು ತಂದರು? ಕೈಯಲ್ಲೇನಿತ್ತು?”

“ಕೈ ಖಾಲಿ ಸಾರ್.” ಗಂಗುಲಪ್ಪ ತುಟಿ ಸವರಿಕೊಂಡ. “ತಿಥಿ ಆಗಿ ಇನ್ನೂ ವಾರಾನೂ ಆಗಿಲ್ಲ. ಆಯಮ್ಮ ಹಣೆಗೆ ಕುಂಕುಮ ಇಟ್ಟು, ತಲೆ ತುಂಬ ಹೂ ಮುಡ್ಕೊಂಡು ಹೋದ್ರಂತೆ.”